ರುಚಿ ನೋಡುವ ಕೆಲಸ

ನನ್ನ ಗಂಡನಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರೊಳಗೇ ಬರಬೇಕು. ಎರಡೂ ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ನಾವಿರುವ ಡೊಂಬಿವಲಿಯಲ್ಲೇ ಒಂದು ಕಡೆ ಡಯಾಲಿಸಿಸ್. ನಾಲ್ಕು ಗಂಟೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಒರಗಿರಬೇಕು. ಕುಡಿದ ನೀರು ಹೊರಗೆ ಹೋಗಲು ಇರುವ ದಾರಿ ಅದೊಂದೇ. ಹಾಗಾಗಿ ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಮೈತೂಕ ಎಷ್ಟು ಏರಿತು ಎಂಬುದೇ ನಮ್ಮ ಮನೆಯ ಪಂಚಾಂಗ. ಎರಡು ಕಿಲೋ ಏರಿದರೆ ಒಳ್ಳೆಯ ದಿನ. ಮೂರು ಏರಿದರೆ ನಾನು ಮಾತು ಬಿಡುತ್ತೇನೆ. ನಾಲ್ಕು ಏರಿದರೆ ಡಾಕ್ಟರು ಮಾತು ಶುರು ಮಾಡುತ್ತಾರೆ.

ನಾನು ಬೇಲಾಪುರದ ಒಂದು ಖಾಸಗಿ ಕಚೇರಿಯಲ್ಲಿದ್ದೇನೆ. ಕಟ್ಟಡದ ನಕ್ಷೆಗಳಿಗೆ ಮಂಜೂರಾತಿ ತರಿಸುವುದು ನಮ್ಮ ಕೆಲಸ. ಅಂದರೆ ಸರಕಾರಿ ಕಚೇರಿಯ ಮೆಟ್ಟಿಲು ಹತ್ತುವುದು, ಫೈಲು ಯಾವ ಮೇಜಿನ ಮೇಲೆ ಮಲಗಿದೆ ಎಂದು ಹುಡುಕುವುದು, ಅದನ್ನು ಎಬ್ಬಿಸುವುದು. ಈ ಕೆಲಸಕ್ಕೆ ಬೇಕಾದ ಒರಟುತನ ನನಗೆ ಹುಟ್ಟಿನಿಂದಲೇ ಇತ್ತು. ಕಚೇರಿ ಅದಕ್ಕೆ ಸಂಬಳ ಕೊಡುತ್ತಿದೆ ಅಷ್ಟೆ.

‘ಕೆಲಸ ಬಿಟ್ಟು ಮನೆಯಲ್ಲಿರು’ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರು, ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರಿಗೂ ನನ್ನ ಕೆಲಸದ ಮೇಲೇ ಕಣ್ಣು. ಡಯಾಲಿಸಿಸಿಗೆ ದುಡ್ಡು ಕಟ್ಟುವುದು ನನ್ನ ಕಚೇರಿಯ ವಿಮೆ ಎಂದು ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಕೆಲಸ ಹೋದರೆ ವಿಮೆ ಹೋಯಿತು, ವಿಮೆ ಹೋದರೆ ಯಂತ್ರ ಹೋಯಿತು. ಈಗ ಬಿಡಿಸಿ ಹೇಳುವುದಿಲ್ಲ. ‘ನೋಡುವಾ’ ಎಂದು ನನ್ನ ಮಹಡಿ ಬಂದ ಕೂಡಲೇ ಇಳಿದುಬಿಡುತ್ತೇನೆ.

ಡಯಾಲಿಸಿಸ್ ಇರುವ ದಿನ ನಾನು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಎಡಗೈಗೆ ಸೂಜಿ ಚುಚ್ಚಿ ರಕ್ತ ಓಡಲು ಶುರುವಾದ ಮೇಲೆ ಸ್ಟೇಷನ್ನಿಗೆ ಓಡುತ್ತೇನೆ. ಮಗಳ ಕಾಲೇಜು ಮಧ್ಯಾಹ್ನದ್ದು. ಹತ್ತೂವರೆಗೆ ಅವಳು ಹೋಗಿ ಅಪ್ಪನನ್ನು ರಿಕ್ಷಾದಲ್ಲಿ ಮನೆಗೆ ಕರೆತರುತ್ತಾಳೆ. ನಾನು ಡೊಂಬಿವಲಿಯಿಂದ ಥಾಣೆಯವರೆಗೆ ಒಂದೇ ಕಾಲಿನ ಮೇಲೆ ನಿಂತು, ಅಲ್ಲಿಂದ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋಗುತ್ತೇನೆ. ಎರಡನೆಯ ಗಾಡಿ ಥಾಣೆಯಿಂದಲೇ ಹೊರಡುವುದರಿಂದ ಕಿಟಕಿಯ ಸೀಟು ಸಿಗುತ್ತದೆ. ಮೂರು ದಿನ ತಡವಾಗಿ ಬರಲು ಮೇಲಿನ ಮೇಡಂ ಒಪ್ಪಿದ್ದಾರೆ; ಆ ತಡವನ್ನು ಸಂಜೆ ಕೂತು ತೀರಿಸುತ್ತೇನೆ. ಒಪ್ಪುವಾಗ ಅವರು ‘ಬಘಾ, ಪಣ ರೋಜ್ ನಕೋ’ ಅಂದಿದ್ದರು. ನೋಡಿಕೊಳ್ಳಿ, ಆದರೆ ದಿನಾ ಬೇಡ ಎಂದು. ನನ್ನ ಗಂಡನ ಕಾಯಿಲೆಗೆ ಅದನ್ನು ಯಾರು ಹೇಳುವುದು?

ಮಂಗಳವಾರ, ಗುರುವಾರ ಮಾತ್ರ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿ ಒಬ್ಬರೇ. ಆ ಎರಡು ದಿನ ಮಗಳೂ ಬೇಗ ಹೋಗುತ್ತಾಳೆ. ಅವರಿಗೆ ಆಗದ ಲವಣಾಂಶ ಬಿಟ್ಟುಹೋಗಲೆಂದು ಹಿಂದಿನ ರಾತ್ರಿಯೇ ಆಲೂಗಡ್ಡೆ, ತರಕಾರಿ ನೆನೆಹಾಕಿ, ನೀರು ಚೆಲ್ಲಿ, ಬೆಳಿಗ್ಗೆ ಉಪ್ಪಿಲ್ಲದೆ ಬೇಯಿಸಿ ಮುಚ್ಚಿಟ್ಟು ಹೋಗುತ್ತೇನೆ. ಅವರ ಹತ್ತಿರ ಒಂದು ಪುಸ್ತಕ ಇದೆ. ಎಷ್ಟು ಕುಡಿದರು, ಎಷ್ಟು ಹೊತ್ತಿಗೆ ಕುಡಿದರು ಎಂದು ಅದರಲ್ಲಿ ಬರೆದಿಡುತ್ತಾರೆ. ಗಂಡ ಎಂಬ ಕಾರಣಕ್ಕೆ ಹೇಳುತ್ತಿಲ್ಲ, ಅವರಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ‘ಮಾತ್ರೆಗೆ ಎರಡು ಗುಟುಕು, ಮೂರನೆಯದು ಆಸೆಗೆ’ ಎಂದು ಒಮ್ಮೆ ಬರೆದಿದ್ದರು.

ಅವರು ಮೂವತ್ತೊಂದು ವರ್ಷ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಹೋಟೆಲು ಅವರ ದೊಡ್ಡಪ್ಪನ ಮಗನದ್ದು. ಮಾಲಕರಿಗೆ ಅಡುಗೆ ಬಾರದು. ಇವರಿಗೆ ಅಡುಗೆ ಬಿಟ್ಟು ಬೇರೆ ಬಾರದು. ಕಾಯಿಲೆ ಬಂದ ಮೇಲೆ ಎರಡು ತಿಂಗಳು ಹೇಗೋ ಹೋದರು, ಆಮೇಲೆ ನಾನೇ ಬಿಡಿಸಿದೆ. ಹೊಗೆ, ಸೆಖೆ, ನಿಂತೇ ಇರುವುದು, ಕಣ್ಣೆದುರಿಗೆ ಕಾಫಿ. ಬಿಡಿಸಿದ್ದು ಸರಿಯೇ ಎಂದು ಈಗಲೂ ಹೇಳುತ್ತೇನೆ. ಆದರೆ ಬಿಡಿಸಿದ ರೀತಿ ಸರಿಯಿರಲಿಲ್ಲ. ಅವರನ್ನು ಕೇಳದೆ ಮಾಲಕರಿಗೆ ಫೋನ್ ಮಾಡಿ ‘ಇನ್ನು ಅವರು ಬರುವುದಿಲ್ಲ’ ಎಂದುಬಿಟ್ಟೆ.

ತೂಕ ಏರಲು ಶುರುವಾದದ್ದು ಕಳೆದ ವರ್ಷದ ಮಳೆಗಾಲ ಮುಗಿದ ಮೇಲೆ. ಡಯಾಲಿಸಿಸ್ ಮಾಡುವ ಸಿಸ್ಟರ್ ಮರಾಠಿಯವಳು, ಸದಾ ನಗುಮುಖ. ಒಂದು ಬುಧವಾರ ನಗಲಿಲ್ಲ. ‘ಕಾಕಾ, ಪಾಣೀ ಕಿತೀ ಪ್ಯಾಯ್ಲಾತ?’ ಎಂದು, ನೀರು ಎಷ್ಟು ಕುಡಿದಿರಿ ಎಂದು ಕೇಳಿದಳು. ಮೂರೂವರೆ ಕಿಲೋ ಏರಿತ್ತು. ಇವರು ಪುಸ್ತಕ ತೆಗೆದು ತೋರಿಸಿದರು. ಲೆಕ್ಕದಲ್ಲಿ ಒಂದು ಗುಟುಕೂ ಹೆಚ್ಚಿರಲಿಲ್ಲ. ಆಮೇಲೆ ಶುಕ್ರವಾರವೂ ಅಷ್ಟೇ. ಸೋಮವಾರ ಮಾತ್ರ ಎರಡೇ ಕಿಲೋ. ಸೋಮವಾರಕ್ಕೆ ಮುಂಚೆ ಎರಡು ದಿನದ ಬಿಡುವು ಇರುತ್ತದೆ. ನ್ಯಾಯವಾಗಿ ಅಂದೇ ಜಾಸ್ತಿ ಏರಬೇಕು. ಇಲ್ಲಿ ಎಲ್ಲ ತಿರುಗುಮುರುಗು.

ಕಚೇರಿಯಲ್ಲಿ ಕಂಡವರ ಫೈಲು ಓದಿ ಓದಿ ನನಗೆ ಇಂಥದ್ದೆಲ್ಲ ಬೇಗ ಹೊಳೆಯುತ್ತದೆ ಎಂಬ ಅಹಂಕಾರ. ಶನಿವಾರ, ಭಾನುವಾರ ನಾನು ಮನೆಯಲ್ಲಿರುತ್ತೇನೆ, ಆಗ ತೂಕ ಏರುವುದಿಲ್ಲ. ಮಂಗಳವಾರ, ಗುರುವಾರ ನಾನಿರುವುದಿಲ್ಲ, ಆಗ ಏರುತ್ತದೆ. ಅಂದರೆ ನಾನಿಲ್ಲದಾಗ ಈ ಮನುಷ್ಯ ಕದ್ದು ಕುಡಿಯುತ್ತಾರೆ, ಮೇಲಿಂದ ಪುಸ್ತಕದಲ್ಲಿ ಸುಳ್ಳು ಬರೆಯುತ್ತಾರೆ. ಹೀಗೆಂದು ತೀರ್ಮಾನಿಸಿದ ದಿನ ನನಗೆ ತೂಕಕ್ಕಿಂತ ಆ ಸುಳ್ಳೇ ಹೆಚ್ಚು ಚುಚ್ಚಿತು. ಫ್ರಿಜ್ಜಿನ ಬಾಟಲಿಗಳಿಗೆ ಪೆನ್ನಿನಲ್ಲಿ ಗೆರೆ ಎಳೆದು ಹೋದೆ. ಸಂಜೆ ನೋಡಿದರೆ ನೀರು ಗೆರೆಯಿಂದ ಕದಲಿರಲಿಲ್ಲ. ನಲ್ಲಿಯಿಂದ ಕುಡಿಯುತ್ತಿರಬೇಕು ಅಂದುಕೊಂಡೆ.

ಮತ್ತೊಂದು ಬುಧವಾರ ತೂಕದ ಯಂತ್ರ ಹತ್ತುವುದಕ್ಕೂ ಅವರಿಗೆ ಉಸಿರು ಸಾಲಲಿಲ್ಲ. ನಾಲ್ಕು ಕಿಲೋ ಮುನ್ನೂರು ಗ್ರಾಂ. ಮೂಗಿಗೆ ಆಮ್ಲಜನಕ ಹಾಕಿ ಕೂರಿಸಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ನೀರು ಶ್ವಾಸಕೋಶಕ್ಕೆ ಬಂದಿದೆ, ಹೀಗೇ ಆದರೆ ಹೃದಯ ತಡೆಯುವುದಿಲ್ಲ, ಇವರನ್ನು ಒಬ್ಬರೇ ಬಿಡಬೇಡಿ ಎಂದರು. ಆ ದಿನ ನಾನು ಕಚೇರಿಗೆ ಹೋಗಲಿಲ್ಲ. ಅಲ್ಲಿಯ ಪ್ಲಾಸ್ಟಿಕ್ ಬೆಂಚಿನ ಮೇಲೆ ಕೂತು ಉಡುಪಿಗೆ ಫೋನ್ ಮಾಡಿದೆ. ಅಲ್ಲಿ ಇವರ ಅಕ್ಕ ಇದ್ದಾರೆ. ಶಾಲೆಯಿಂದ ನಿವೃತ್ತರಾದವರು, ಇಡೀ ದಿನ ಮನೆಯಲ್ಲಿರುತ್ತಾರೆ, ಮನೆಯಿಂದ ಹತ್ತು ನಿಮಿಷದಲ್ಲಿ ಡಯಾಲಿಸಿಸ್ ಕೇಂದ್ರ. ವಿಮೆ ಅಲ್ಲಿಯೂ ನಡೆಯುತ್ತದೆ, ನಾನು ಇಲ್ಲಿ ಕೆಲಸದಲ್ಲಿರುವವರೆಗೆ.

‘ಕಳಿಸು, ನಾನು ನೋಡಿಕೊಳ್ತೇನೆ’ ಎಂದರು ಅತ್ತಿಗೆ. ‘ನೀನು ಎಷ್ಟು ಅಂತ ಮಾಡುವುದು?’

ಸಂಜೆ ಇವರಿಗೆ ಹೇಳಿದೆ. ಮುಂದಿನ ವಾರ ಟಿಕೆಟ್ ಮಾಡಿಸುತ್ತೇನೆ, ಥಾಣೆಯವರೆಗೆ ನಾನೂ ಮಗಳೂ ಬಂದು ಹತ್ತಿಸುತ್ತೇವೆ, ಒಂದು ವರ್ಷ ಅಲ್ಲಿರಿ ಎಂದೆ. ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಅವರು ಜಗಳವಾಡಲಿಲ್ಲ.

‘ಆಯ್ತು’ ಎಂದರು. ಪುಸ್ತಕ ಮುಚ್ಚಿಟ್ಟು, ‘ಅಲ್ಲಿ ನಾನು ಎಂತ ಮಾಡುವುದು?’ ಎಂದು ಕೇಳಿದರು.

‘ಎಂತದೂ ಮಾಡುವುದು ಬೇಡ. ಆರಾಮಲ್ಲಿ ಇರಿ’ ಎಂದೆ. ಒಳ್ಳೆಯ ಮಾತು ಹೇಳಿದೆ ಎಂದೇ ನಾನು ತಿಳಿದಿದ್ದೆ.

ಮರುದಿನ ಗುರುವಾರ. ಸತತ ಎರಡು ದಿನ ಪೂರ್ತಿ ರಜೆ ಸಿಗುವಂತಿರಲಿಲ್ಲ; ಡಾಕ್ಟರು ಬೇಡವೆಂದರೂ ಬೆಳಿಗ್ಗೆ ಇವರನ್ನು ಒಬ್ಬರೇ ಬಿಟ್ಟು ಹೋಗಬೇಕಾಯಿತು. ಉಡುಪಿಯ ಕೇಂದ್ರಕ್ಕೆ ಇಲ್ಲಿಯ ಕಾಗದಪತ್ರ ಕಳಿಸಬೇಕಿತ್ತು. ಹಳೆಯ ರಿಪೋರ್ಟುಗಳೆಲ್ಲ ಮನೆಯಲ್ಲಿ. ಮೇಡಂ ಹತ್ತಿರ ಅರ್ಧ ದಿನದ ರಜೆ ಕೇಳಿ ಹನ್ನೆರಡೂವರೆಗೆ ಮನೆಗೆ ಬಂದೆ. ಬಾಗಿಲಿಗೆ ಬೀಗ. ಫೋನ್ ಮಾಡಿದರೆ ಒಳಗೆ ರಿಂಗಾಗುವುದು ಕೇಳಿಸಿತು. ಎಲ್ಲಿ ಬಿದ್ದಿದ್ದಾರೋ, ಯಾರು ಎತ್ತಿಕೊಂಡು ಹೋದರೋ ಎಂದು ಮೆಟ್ಟಿಲ ಮೇಲೇ ಕೂತು ಮಗಳಿಗೆ ಫೋನ್ ಮಾಡಿದೆ.

ಮಗಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ಕ್ರಮ. ‘ಮಮ್ಮಿ, ಪ್ಯಾನಿಕ್ ಮತ್ ಕರ್’ ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ‘ಹೋಟೆಲ್ ಮೇ ದೇಖ್.’

‘ನಿಂಗೆ ಗೊತ್ತಿತ್ತಾ?’

‘ಪಪ್ಪಾ ಉಧರ್ ಖುಷ್ ರೆಹತೇ ಹೈ, ಮಮ್ಮಿ.’ ಅಪ್ಪ ಅಲ್ಲಿ ಖುಷಿಯಾಗಿರುತ್ತಾರಂತೆ.

ಹೋಟೆಲಿಗೆ ನಡೆದು ಹೋಗಲು ಹನ್ನೆರಡು ನಿಮಿಷ ಬೇಕು. ನಾನು ಆ ದಿನ ಎಷ್ಟು ಹೊತ್ತಿನಲ್ಲಿ ತಲುಪಿದೆನೋ ಗೊತ್ತಿಲ್ಲ. ಮುಂದಿನ ಬಾಗಿಲಲ್ಲಿ ಊಟಕ್ಕೆ ನಿಂತ ಜನ. ಹಿಂದಿನ ಓಣಿಯಿಂದ ಅಡುಗೆಮನೆಗೆ ನುಗ್ಗಿದೆ.

ಅವರು ಒಲೆಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಸೂಜಿ ಚುಚ್ಚುವ ಎಡಗೈಗೆ ಬಿಸಿ ತಾಗದಂತೆ ಸುತ್ತಿಕೊಂಡ ಟವೆಲು. ಮುಖ್ಯ ಅಡುಗೆಯವರು ಇವರಿಗಿಂತ ಹಿರಿಯರು, ಐವತ್ತೆಂಟು ದಾಟಿದವರು. ಸೌಟು ಹಿಡಿದು ಪರೀಕ್ಷೆಗೆ ಬಂದವರ ಹಾಗೆ ಎದುರಿಗೆ ನಿಂತಿದ್ದರು. ಅವರು ಇವರ ಬಲ ಅಂಗೈಗೆ ಸಾಂಬಾರು ಸುರಿದರು. ಇವರು ಹೀರಿದರು. ಕಣ್ಣು ಮುಚ್ಚಿದರು. ಇಡೀ ಅಡುಗೆಮನೆ ಕಾಯಿತು.

‘ಹುಳಿ ಸ್ವಲ್ಪ ಕಮ್ಮಿ’ ಎಂದರು. ‘ಬೆಲ್ಲ ಹಾಕ್ಬೇಡಿ, ಹುಳಿ ಹಾಕಿದ್ರೆ ಸಾಕು.’

ಹೋಟೆಲು ಬಿಡಿಸಿದ ಮೇಲೆ ನಾನು ಆ ದನಿ ಕೇಳಿರಲಿಲ್ಲ. ಮನೆಯಲ್ಲಿ ಅವರು ಮಾತಾಡುತ್ತಿದ್ದುದೆಲ್ಲ ಅಪ್ಪಣೆ ಕೇಳಿದ ಹಾಗೆ. ಅದನ್ನು ಗಮನಿಸಿದ್ದು ಆಮೇಲೆ. ಆಗ ನನಗೆ ಕಂಡದ್ದು ಸಾಂಬಾರು ಒಂದೇ. ಬಾಯಿಗೆ ಬಂದಂತೆ ಬೈದೆ. ನಾನು ಸಿಟ್ಟು ನೆತ್ತಿಗೇರಿದಾಗ ತುಳುವಿನಲ್ಲಿ ಬೈಯುವವಳು, ಅಲ್ಲಿದ್ದವರೆಲ್ಲ ನಮ್ಮೂರ ಕಡೆಯವರೇ, ಹಾಗಾಗಿ ಆ ಅಡುಗೆಮನೆಯಲ್ಲಿ ಅರ್ಥವಾಗದೆ ಉಳಿದವರು ಯಾರೂ ಇರಲಿಲ್ಲ.

ನನ್ನ ಗಂಡನಿಗೆ ನಾಚಿಕೆಯಾಗಿರಲಿಲ್ಲ, ಆಶ್ಚರ್ಯವಾಗಿತ್ತು.

‘ಎಂತ ಆಯ್ತು ಮಾರಾಯ್ತಿ? ನಾನೆಂತ ತಿಂದೆ? ರುಚಿ ನೋಡಿದ್ದಲ್ವಾ?’

ಅಡುಗೆಯವರು ನಡುವೆ ಬಂದರು. ‘ಹೌದು ಅಕ್ಕ. ಒಂದು ಇಡ್ಲಿ ಸಹ ಮುಟ್ಟುವುದಿಲ್ಲ. ಕಾಫಿ ತಂದಿಟ್ರೆ ವಾಪಸ್ ಕಳಿಸ್ತಾರೆ. ರುಚಿ ನೋಡಿ ಹೋಗುವುದು, ಅಷ್ಟೇ.’

ಇಬ್ಬರ ಮುಖವನ್ನೂ ನೋಡಿದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಹೋಟೆಲಿನಲ್ಲಿದ್ದವರಿಗೆ ರುಚಿ ನೋಡುವುದು ಬೇರೆ, ತಿನ್ನುವುದು ಬೇರೆ. ಒಂದು ಕೆಲಸ, ಇನ್ನೊಂದು ಊಟ. ಬೆಳಿಗ್ಗೆಯಿಂದ ಹತ್ತು ಪಾತ್ರೆಯ ರುಚಿ ನೋಡಿ ಮಧ್ಯಾಹ್ನ ಮೂರಕ್ಕೆ ‘ಇನ್ನೂ ಎಂತದೂ ಹೊಟ್ಟೆಗೆ ಹಾಕಿಲ್ಲ’ ಎಂದು ತಟ್ಟೆಯ ಮುಂದೆ ಕೂರುವವರು ಅವರು. ಪುಸ್ತಕದಲ್ಲಿ ಬರೆಯಲಿಲ್ಲ ಏಕೆಂದರೆ ಬರೆಯುವಂಥದ್ದು ಏನೂ ನಡೆದಿರಲಿಲ್ಲ.

ನಾನು ಹಾಲು ಅಳೆಯುವ ಗೆರೆ ಹಾಕಿದ ಪಾತ್ರೆ ಕೇಳಿ ತೆಗೆದುಕೊಂಡೆ. ‘ಇವತ್ತು ಬಂದ ಮೇಲೆ ಯಾವುದರ ರುಚಿ ನೋಡಿದ್ರಿ, ಎಷ್ಟು ಸಲ, ಎಲ್ಲ ಹೇಳಿ’ ಎಂದೆ. ಹೇಳಿದ ಹಾಗೆ ಅಡುಗೆಯವರು ಸೌಟಿನಲ್ಲಿ ಅಷ್ಟಷ್ಟು ನೀರು ಸುರಿಯುತ್ತ ಹೋದರು. ಸಾಂಬಾರು ನಾಲ್ಕು ಸಲ. ಉಪ್ಪಿಗೊಮ್ಮೆ, ಹುಳಿಗೊಮ್ಮೆ, ಸರಿ ಮಾಡಿದ ಮೇಲೆ ಮತ್ತೊಮ್ಮೆ, ಬೇರೆ ಪಾತ್ರೆಗೆ ಸುರಿದ ಮೇಲೆ ಇನ್ನೊಮ್ಮೆ. ಸಾರು ಮೂರು. ತೆಂಗಿನಕಾಯಿ ಅರೆದು ಹಾಕಿದ ಗಸಿ ಎರಡು. ಚಟ್ನಿ. ಕಾಫಿಯ ಮೊದಲ ಡಿಕಾಕ್ಷನ್. ಪಾಯಸ ಗುರುವಾರ ಮಾತ್ರ. ಒಂದರ ರುಚಿ ಇನ್ನೊಂದಕ್ಕೆ ತಾಗಬಾರದೆಂದು ನಡುನಡುವೆ ಬಾಯಿಗೆ ನೀರು. ಅದನ್ನು ಉಗುಳುತ್ತೀರಾ ಎಂದು ಕೇಳಿದೆ. ಅಡುಗೆ ಒಲೆಯ ಮುಂದೆ ಉಗುಳುವುದೇ ಎಂದು ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು.

ನೀರು ಆರುನೂರು ಮಿಲಿಲೀಟರಿನ ಗೆರೆ ದಾಟಿತು. ಅದೂ ಹನ್ನೆರಡೂ ಮುಕ್ಕಾಲರವರೆಗಿನದ್ದು. ಮೇಲಿಂದ ಆ ಉಪ್ಪಿಗೆ ಸಂಜೆಯಿಡೀ ಬಾಯಾರಿಕೆ. ಮನೆಗೆ ಬಂದು ಕುಡಿಯುವ ಮುಕ್ಕಾಲು ಲೀಟರು ಬೇರೆ.

ಅವರು ಆ ಪಾತ್ರೆಯನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿದರು. ಮುಖ ಬಿಳಿಚಿಕೊಂಡಿತು. ‘ನಂಗೆ ಗೊತ್ತೇ ಆಗ್ಲಿಲ್ಲ’ ಎಂದರು. ‘ದೇವರಾಣೆ, ಗೊತ್ತಾಗ್ಲಿಲ್ಲ.’ ಅಡುಗೆಯವರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಸೌಟು ಹಿಡಿದವರು ಅವರಲ್ಲವೇ.

ರಿಕ್ಷಾ ಹಿಡಿದು ಅವರನ್ನು ಕರೆತಂದೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಾನು ಮತ್ತೆ ಶುರು ಮಾಡಿದೆ. ನಾನಿಲ್ಲಿ ಎರಡು ಕಡೆ ಸಾಯುತ್ತಿದ್ದೇನೆ, ನೀವು ಹೇಳದೆ ಕೇಳದೆ ಹೋಗಿ ಸಾಂಬಾರಿನ ಹುಳಿ ನೋಡುತ್ತೀರಿ ಎಂದೆ. ಯಾಕೆ ಹೋದಿರಿ, ಅದನ್ನಾದರೂ ಹೇಳಿ ಎಂದೆ.

ಅವರು ಕುರ್ಚಿಯಲ್ಲಿ ಕೂತು ಉಸಿರು ಸರಿಮಾಡಿಕೊಂಡರು. ‘ಹೇಳಿದ್ರೆ ನೀನು ಬಿಡ್ತಿದ್ದಿಯಾ?’ ಎಂದರು. ‘ಸಂಜೆ ಬಂದ ಕೂಡ್ಲೆ ನೀನೆಂತ ಮಾಡ್ತಿ ಗೊತ್ತುಂಟಾ? ಬ್ಯಾಗ್ ಇಡುವ ಮೊದಲು ನನ್ನ ಕಾಲು ನೋಡ್ತಿ, ಬಾತಿದೆಯಾ ಅಂತ. ಮುಖ ನೋಡುವುದಿಲ್ಲ. ಅಲ್ಲಿ ಹೋದ್ರೆ ಎಲ್ರೂ ಮುಖ ನೋಡ್ತಾರೆ. ನಾನು ಎಂತ ಹೇಳ್ತೇನೆ ಅಂತ ಕಾಯ್ತಾರೆ.’

ಕಾಲು ನೋಡದೆ ಇನ್ನೇನು ನೋಡಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಯಾಕೆಂದರೆ ನನ್ನ ಗುಟ್ಟೂ ಒಂದಿತ್ತು. ಥಾಣೆಯಲ್ಲಿ ಕಿಟಕಿಯ ಸೀಟು ಹಿಡಿದು ಕೂತ ಮೇಲೆ ಐರೋಲಿ ಸ್ಟೇಷನ್ ದಾಟುವಷ್ಟರಲ್ಲಿ ನಾನು ಅವರನ್ನು ಪೂರ್ತಿ ಮರೆತುಬಿಡುತ್ತೇನೆ. ಬೇಲಾಪುರದಲ್ಲಿ ಇಳಿಯುವಾಗ ನಾನು ಯಾರ ಹೆಂಡತಿಯೂ ಅಲ್ಲ, ನರ್ಸೂ ಅಲ್ಲ. ಯಾರದೋ ಫೈಲು ಹುಡುಕಬೇಕಾದ ಒರಟು ಹೆಂಗಸು. ಎಂಟು ಗಂಟೆ ಹಾಗಿದ್ದು ಬರುವುದರಿಂದಲೇ ಸಂಜೆ ತರಕಾರಿ ನೆನೆಹಾಕಲು ನನಗೆ ಕೈ ಬರುತ್ತದೆ. ವಿಮೆಗಾಗಿ ಕೆಲಸ ಮಾಡುತ್ತೇನೆ ಎಂದು ಲಿಫ್ಟಿನಲ್ಲಿ ಹೇಳುತ್ತಿದ್ದುದು ನಿಜ. ಪೂರ್ತಿ ನಿಜವಲ್ಲ.

ಅದನ್ನು ಅವರಿಗೆ ಹೇಳಿದೆ. ‘ನಾನು ಆಫೀಸಿಗೆ ಹೋಗುವುದು ನಿಮ್ಮನ್ನು ನೋಡದೆ ಇರ್ಲಿಕ್ಕೆ’ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಅವರು ನಕ್ಕರು. ‘ನಾನು ಹೋಟೆಲಿಗೆ ಹೋಗುವುದು ಸಹ ಅದಕ್ಕೇ’ ಎಂದರು. ‘ನಿನ್ನನ್ನು ಅಲ್ಲ, ನನ್ನನ್ನು ನೋಡದೆ ಇರ್ಲಿಕ್ಕೆ.’

ಆಗ ಅಳು ಬಂತು. ನಾನು ಸುಲಭಕ್ಕೆ ಅಳುವವಳಲ್ಲ. ಆದರೂ ಅತ್ತುಬಿಟ್ಟೆ. ಅವರು ಎದ್ದು ಬರಲಿಲ್ಲ, ಎದ್ದರೆ ದಮ್ಮು ಕಟ್ಟುತ್ತಿತ್ತು. ಕೂತಲ್ಲಿಂದಲೇ ಟವೆಲು ಎಸೆದರು.

ಮರುದಿನ ಡಯಾಲಿಸಿಸಿನಲ್ಲಿ ಡಾಕ್ಟರಿಗೆ ವಿಷಯ ಹೇಳಿದೆ. ಅವರು ಮೊದಲು ನಂಬಲಿಲ್ಲ, ಆಮೇಲೆ ನಕ್ಕು, ಕೊನೆಗೆ ಗಂಭೀರವಾಗಿ, ಕೂತುಕೊಂಡು ಎರಡು ಗಂಟೆ ಹೋದರೆ ನನ್ನ ಅಡ್ಡಿಯಿಲ್ಲ, ನಾಲಿಗೆಗೆ ಮಾತ್ರ ಏನೂ ತಾಗಕೂಡದು ಎಂದರು. ನಾಲಿಗೆಗೆ ತಾಗದೆ ರುಚಿ ನೋಡುವುದು ಹೇಗೆ ಎಂಬುದು ನಮ್ಮ ಪಾಲಿಗೆ ಬಿಟ್ಟದ್ದು. ದಾರಿ ಹುಡುಕಿದವರು ಅಡುಗೆಯವರೇ. ಪಾತ್ರೆಯ ಮುಚ್ಚಳ ತೆಗೆದು ಇವರ ಮುಂದೆ ಹಿಡಿಯುತ್ತಾರೆ. ಇವರು ಪರಿಮಳ ನೋಡಿ, ಕುದಿಯುವ ಬಗೆ ನೋಡಿ ಹೇಳುತ್ತಾರೆ. ಅಡುಗೆಯವರು ತಾವು ಹೀರಿ ‘ಹೌದು’ ಅಥವಾ ‘ಅಲ್ಲ’ ಅನ್ನುತ್ತಾರೆ.

ಮೊದಲ ವಾರ ಸಾಂಬಾರು ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ಮಾಲಕರು ತಲೆ ಕೆರೆದುಕೊಂಡರಂತೆ. ಉಪ್ಪಿಗೆ ಪರಿಮಳ ಇಲ್ಲವಲ್ಲ, ಅದೇ ಕಷ್ಟ ಎಂದು ಇವರು ಮನೆಗೆ ಬಂದು ಹೇಳಿದರು. ಎರಡನೆಯ ವಾರದಿಂದ ಉಪ್ಪಿನ ಜವಾಬ್ದಾರಿ ಅಡುಗೆಯವರದ್ದು, ಉಳಿದದ್ದು ಇವರದ್ದು ಎಂದಾಯಿತು. ನಾನು ನಂಬಿ ಬಿಡಲಿಲ್ಲ. ಸಂಜೆ ಅಡುಗೆಯವರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದೆ. ‘ಒಂದು ಹನಿ ಇಲ್ಲ ಅಕ್ಕ’ ಎಂದು ಅವರು ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ ಹೇಳುತ್ತಿದ್ದರು.

ಬುಧವಾರದ ತೂಕ ಮೊದಲು ಮೂರಕ್ಕೆ ಇಳಿಯಿತು, ಆಮೇಲೆ ಎರಡೂವರೆಗೆ. ಒಂದು ಶುಕ್ರವಾರ ಎರಡು ಕಿಲೋಕ್ಕಿಂತ ಸ್ವಲ್ಪ ಕಡಿಮೆಯೇ ಬಂತು. ಸಿಸ್ಟರ್ ತನ್ನ ಕಣ್ಣನ್ನೇ ನಂಬದೆ ಇನ್ನೊಮ್ಮೆ ಹತ್ತಿಸಿ ಇಳಿಸಿದಳು. ಇದು ಗುಣವಾಗುವ ಕಾಯಿಲೆ ಅಲ್ಲ ಎಂದು ನನಗೆ ಗೊತ್ತು. ಮೂತ್ರಪಿಂಡ ತಿರುಗಿ ಬರುವುದಿಲ್ಲ. ಕಸಿಗೆ ಹೆಸರು ಬರೆಸಿದ್ದೇವೆ, ಸರದಿ ಎಂದು ಬರುತ್ತದೋ, ಬರುವುದೇ ಇಲ್ಲವೋ. ಮಂಗಳವಾರ, ಗುರುವಾರ ಅವರು ನನಗಿಂತ ಮೊದಲು ಸ್ನಾನ ಮಾಡಿ ಅಂಗಿ ಹಾಕಿಕೊಂಡಿರುತ್ತಾರೆ ಎಂಬುದಷ್ಟೇ ನಮ್ಮಲ್ಲಿ ಆದ ಬದಲಾವಣೆ.

ಟಿಕೆಟ್ಟಿನ ಮಾತನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಉಡುಪಿಗೆ ಫೋನ್ ಮಾಡಿ ಹೇಳಬೇಕಿತ್ತು, ನಾಚಿಕೆಯಿಂದ ಮುಂದೂಡುತ್ತ ಬಂದೆ. ಕೊನೆಗೆ ಒಂದು ಭಾನುವಾರ ಅತ್ತಿಗೆಯೇ ಮಾಡಿದರು. ನಾನು ಬಟ್ಟೆ ಮಡಚುತ್ತಿದ್ದೆ, ಇವರು ಒಳಗೆ ಮಲಗಿದ್ದರು.

‘ಕೋಣೆ ಎಲ್ಲ ಸರಿ ಮಾಡಿ ಇಟ್ಟಿದ್ದೇನೆ’ ಎಂದರು. ‘ಅವನು ಯಾವಾಗ ಬರುವುದು?’

‘ಸದ್ಯಕ್ಕೆ ಬರ್ಲಿಕ್ಕೆ ಆಗುವುದಿಲ್ಲ ಅತ್ತಿಗೆ. ಅವರಿಗೆ ರಜೆ ಇಲ್ಲ.’

‘ಎಂತ ರಜೆ? ಅವನಿಗೆ ಹುಷಾರಿಲ್ಲ ಅಲ್ವಾ?’

‘ಹುಷಾರಿಲ್ಲ, ಹೌದು’ ಎಂದೆ. ‘ಆದ್ರೆ ಕೆಲಸಕ್ಕೆ ಹೋಗ್ತಾರೆ.’